ಜವಳಿ ವ್ಯಾಪಾರಿ ಹೆಂಡತಿಗೆ ದೇಶ ತೋರಿಸಿದ್ದು

"ಕಣ್ಣಿದ್ದೂ ನೋಡದವರಿಗೆ ತೋರಿಸುವುದು ಹೇಗೆ, ಗುರುಗಳೇ?"

ಶಿಷ್ಯ ಘನಲಿಂಗ ಹೀಗೆ ಕೇಳಿದಾಗ ಅವನ ಬಟ್ಟೆಯ ಗಂಟು ಇನ್ನೂ ಹೆಗಲ ಮೇಲೆಯೇ ಇತ್ತು. ಮಠದ ಭಕ್ತರನ್ನು ಕರೆದುಕೊಂಡು ದೇಶ ಸುತ್ತಿಸಿ ಬಾ ಎಂದು ಗುರು ಅವನನ್ನು ಕಳಿಸಿದ್ದರು. ಅವನು ಆಗಷ್ಟೇ ಹಿಂತಿರುಗಿದ್ದ. ರಾಜಧಾನಿಗೆ ಹೋದರೆ ಭಕ್ತರು ಕೋಟೆಯ ಕಡೆ ತಿರುಗಿಯೂ ನೋಡಲಿಲ್ಲ, ಕೆತ್ತನೆಯ ಕಂಬಗಳ ಮುಂದೆ ನಿಂತು ಊಟದ ಮಾತಾಡಿದರು, ನದಿ ಹುಟ್ಟುವ ಬೆಟ್ಟ ಹತ್ತಿಸಿದರೆ ಮಂಡಿನೋವಿನ ಕತೆ ತೆಗೆದರು ಎಂದು ಒಂದೇ ಉಸಿರಿಗೆ ದೂರಿದ. "ನನಗಂತೂ ಸಾಕಾಗಿಹೋಯಿತು" ಎಂದ.

ಗುರು ಅವನಿಗೆ ಕುಡಿಯಲು ನೀರು ಕೊಟ್ಟು, ಕುಳಿತುಕೊಳ್ಳಲು ಹೇಳಿ, ಈ ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಜವಳಿ ವ್ಯಾಪಾರಿ ಇದ್ದ. ತೋರಿಸುವುದೇ ಅವನ ಕಸುಬು. ಅವನು ಸೀರೆಯ ಸೆರಗು ಬಿಚ್ಚಿದರೆ ಗಿರಾಕಿಗಳ ಕಣ್ಣು ಸೆರಗಿಗೆ ಹೋಗುತ್ತಿತ್ತು; ಅಂಚು ಎತ್ತಿದರೆ ಅಂಚಿಗೆ. ಅವನು ತೋರಿಸಿದ್ದನ್ನು ನೋಡದವರು ಯಾರೂ ಇರಲಿಲ್ಲ.

ಅವನ ಹೆಂಡತಿಗೆ ನಡುವಯಸ್ಸು ದಾಟುವಾಗ ಕಣ್ಣು ಮಂಜಾಗತೊಡಗಿತು. ವೈದ್ಯ ಬಂದು ನೋಡಿ, ವ್ಯಾಪಾರಿಯನ್ನು ಜಗಲಿಗೆ ಕರೆದು ಹೇಳಿದ: "ನರ ಸೊರಗುತ್ತಿದೆ. ಇದಕ್ಕೆ ಮದ್ದಿಲ್ಲ. ಬರುವ ಮಳೆಗಾಲದವರೆಗೆ ಕಾಣಬಹುದು. ಆಮೇಲೆ ಆಸೆ ಇಟ್ಟುಕೊಳ್ಳಬೇಡಿ."

ವ್ಯಾಪಾರಿಗೆ ಎದೆ ಒಡೆದಂತಾಯಿತು. ಮದುವೆಯಾದಾಗಿನಿಂದ ಅವಳು ಆ ಪೇಟೆ ಬಿಟ್ಟು ಹೊರಗೆ ಹೋದವಳೇ ಅಲ್ಲ. ದೇಶದಲ್ಲಿ ನೋಡುವಂಥದ್ದು ಏನೇನಿದೆಯೋ ಎಲ್ಲವನ್ನೂ ಇವಳಿಗೆ ತೋರಿಸಿಬಿಡಬೇಕು ಎಂದು ನಿಶ್ಚಯಿಸಿದ. ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ, ಕಮಾನು ಗಾಡಿ ಹೂಡಿಸಿ, ಹೆಂಡತಿಯನ್ನು ಕೂರಿಸಿಕೊಂಡು ಹೊರಟ.

ಮೊದಲು ರಾಜಧಾನಿಗೆ ಹೋದರು. ಅರಮನೆಯ ಮುಂದೆ ಗಾಡಿ ನಿಲ್ಲಿಸಿ ಅವನು ಗೋಪುರದ ಚಿನ್ನದ ಕಳಶ ತೋರಿಸಿದ. ಅವಳ ಮುಖ ಬೀದಿಯ ಆಚೆ ಬದಿಗೆ ತಿರುಗಿತ್ತು. ಅಲ್ಲೊಬ್ಬ ಕಾವಲುಗಾರ ಕಟ್ಟೆಯ ಮೇಲೆ ಕ್ಷೌರ ಮಾಡಿಸಿಕೊಳ್ಳುತ್ತಿದ್ದ. ಅಷ್ಟರಲ್ಲಿ ಒಳಗಿನಿಂದ ಯಾರೋ ಕೂಗಿದರು. ಅವನು ಒಂದು ಕೆನ್ನೆಯ ನೊರೆಯನ್ನು ಹಾಗೆಯೇ ಬಿಟ್ಟುಕೊಂಡು ಈಟಿ ಹಿಡಿದು ಓಡಿದ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

"ಇವಳೇ, ಕಳಶ ನೋಡಿದೆಯಾ?" ಎಂದ ವ್ಯಾಪಾರಿ.

"ಹೂಂ" ಎಂದಳು. ನೋಡಿರಲಿಲ್ಲ ಎಂದು ಅವನಿಗೆ ಗೊತ್ತಾಯಿತು. ಮತ್ತೆ ಗಾಡಿ ತಿರುಗಿಸಿ, ಮತ್ತೆ ತೋರಿಸಿದ.

ಹಳ್ಳಿಗಾಡಿನಲ್ಲೂ ಇದೇ ಪಾಡು. ಅಲ್ಲಿ ದಿಗಂತದವರೆಗೆ ಹುಚ್ಚೆಳ್ಳು ಹೂಬಿಟ್ಟು ನೆಲವೆಲ್ಲ ಹಳದಿಯಾಗಿತ್ತು. ಅದನ್ನು ನೋಡಲು ಜನ ದೂರದೂರದಿಂದ ಬರುತ್ತಿದ್ದರು. ಅವಳು ಗಾಡಿಯ ಇನ್ನೊಂದು ಬದಿಗೆ ಸರಿದು, ಗೋಡೆಗೆ ಬೆರಣಿ ತಟ್ಟುತ್ತಿದ್ದ ಹೆಂಗಸನ್ನು ನೋಡುತ್ತ ಕುಳಿತಳು.

ವ್ಯಾಪಾರಿ ಹಣೆ ಚಚ್ಚಿಕೊಂಡ. "ಬೆರಣಿ! ನಮ್ಮ ಪೇಟೆಯಲ್ಲಿ ಬೆರಣಿ ಇಲ್ಲವೇ? ಬೆರಣಿ ನೋಡಲು ಇಷ್ಟು ದೂರ ಬರಬೇಕಿತ್ತೇ?"

"ಇವಳು ಎಡಗೈಯಲ್ಲಿ ತಟ್ಟುತ್ತಾಳೆ, ನೋಡಿ" ಎಂದಳು ಅವಳು.

ಅವನು ನೋಡಲಿಲ್ಲ. ಗಾಡಿ ಹೊಡೆಯುವವನಿಗೆ ಬೇಗ ಹೊಡೆ ಎಂದ. ತಿಂಗಳುಗಳು ಉರುಳಿ ಮೋಡ ಕಟ್ಟುವ ಕಾಲ ಹತ್ತಿರ ಬರುತ್ತಿತ್ತು. ಅವಳು ಲೋಟ ಎತ್ತಿಕೊಳ್ಳುವ ಮೊದಲು ಈಗೀಗ ಕೈಯಿಂದ ತಡವುತ್ತಿದ್ದಳು. ಅದನ್ನು ಕಂಡಾಗಲೆಲ್ಲ ಅವನಿಗೆ ಭಯವಾಗುತ್ತಿತ್ತು. ಆ ಭಯ ಬಾಯಿಗೆ ಬರುವ ಹೊತ್ತಿಗೆ ಸಿಟ್ಟಾಗಿರುತ್ತಿತ್ತು. ನೋಡು, ಆ ಕೆರೆ ನೋಡು, ಅಲ್ಲಲ್ಲ, ಈ ಕಡೆ, ಎಂದು ದಾರಿಯುದ್ದಕ್ಕೂ ಕೂಗಿ ಕೂಗಿ ಅವನ ಗಂಟಲು ಕಟ್ಟಿತು.

ಹೀಗೆ ಹೋಗುತ್ತ ಒಂದು ಜಲಪಾತಕ್ಕೆ ಬಂದರು. ನದಿಯೇ ಬೆಟ್ಟದಿಂದ ಕೆಳಗೆ ಬೀಳುತ್ತಿತ್ತು. ವ್ಯಾಪಾರಿ ಹೆಂಡತಿಯ ಕೈಹಿಡಿದು, ಜಾರುವ ಕಲ್ಲುಗಳನ್ನು ದಾಟಿಸಿ, ಎಲ್ಲರಿಗಿಂತ ಮುಂದೆ ತಂದು ಕೂರಿಸಿದ. ತಾನೂ ನಿಂತು ಕಣ್ತುಂಬ ನೋಡಿ, ಸಂತೋಷದಿಂದ ಅವಳ ಕಡೆ ತಿರುಗಿದರೆ, ಅವಳು ಜಲಪಾತಕ್ಕೆ ಬೆನ್ನು ಹಾಕಿ ಕುಳಿತಿದ್ದಳು. ಮೆಟ್ಟಿಲೇರಿ ಬರುತ್ತಿದ್ದ ಜನರನ್ನು ನೋಡುತ್ತಿದ್ದಳು.

ಅವನಿಗೆ ತಡೆಯಲಾಗಲಿಲ್ಲ. "ನಿನಗೆ ಕಣ್ಣು ಇದ್ದರೆಷ್ಟು, ಹೋದರೆಷ್ಟು!" ಎಂದುಬಿಟ್ಟ.

ಸುತ್ತ ನಿಂತವರು ತಿರುಗಿ ನೋಡಿದರು. ಅವಳು ಎದ್ದು, ಅವನ ಕೈಗಾಗಿ ಕಾಯದೆ, ಕಲ್ಲುಗಳನ್ನು ಕಾಲಿನಿಂದ ತಡವುತ್ತ ಗಾಡಿಗೆ ನಡೆದಳು.

ಅಲ್ಲಿಂದ ಗಾಡಿ ಸಮುದ್ರದ ದಾರಿ ಹಿಡಿಯಿತು. ಆಡಿದ ಮಾತನ್ನು ಹೇಗೆ ಹಿಂದಕ್ಕೆ ತೆಗೆದುಕೊಳ್ಳಬೇಕೋ ವ್ಯಾಪಾರಿಗೆ ತಿಳಿಯಲಿಲ್ಲ. ಬಟ್ಟೆಯಾಗಿದ್ದರೆ ಮಡಿಸಿ ಒಳಗಿಡಬಹುದಿತ್ತು. ಕಾಡು ಬಂತು, ಕಣಿವೆ ಬಂತು, ನವಿಲು ರಸ್ತೆ ದಾಟಿತು. ಅವನು ಯಾವುದನ್ನೂ ತೋರಿಸಲಿಲ್ಲ.

ಸಮುದ್ರ ತಲುಪಿದಾಗ ಸಂಜೆಯಾಗಿತ್ತು. ಪ್ರಯಾಣದ ಕೊನೆಗೆಂದು ಅವನು ಉಳಿಸಿಕೊಂಡಿದ್ದ ಜಾಗ ಅದು. ಸೂರ್ಯ ನೀರಿಗೆ ತಾಗುವಷ್ಟು ಕೆಳಗಿದ್ದ. ತೋರಿಸದೆ ಇರಲು ವ್ಯಾಪಾರಿಗೆ ಕೊನೆಗೆ ಆಗಲಿಲ್ಲ.

"ಇವಳೇ, ನಿನ್ನ ಕಾಲಿಗೆ ಬೀಳುತ್ತೇನೆ. ಇದೊಂದನ್ನು ನೋಡು. ಇನ್ನು ಸ್ವಲ್ಪ ಹೊತ್ತು, ಅಷ್ಟೇ."

ಅವಳು ಸಮುದ್ರದ ಕಡೆ ತಿರುಗಿರಲಿಲ್ಲ. ಅವನ ಮುಖವನ್ನೇ ನೋಡುತ್ತಿದ್ದಳು. ತೀರ ಹತ್ತಿರ ಬಂದು ನೋಡುತ್ತಿದ್ದಳು.

"ನಿಮ್ಮ ಹುಬ್ಬಿನ ಮೇಲೆ ಒಂದು ಗಾಯದ ಗುರುತಿದೆ. ಯಾವಾಗಿನದು?"

"ಇದಾ? ಅಂಗಡಿಯ ಬಾಗಿಲ ಹಲಗೆ ಬಿದ್ದಿತ್ತು. ಎಷ್ಟೋ ವರ್ಷದ ಹಿಂದೆ."

"ನನಗೆ ಗೊತ್ತೇ ಇರಲಿಲ್ಲ" ಎಂದಳು. "ನೀವು ಬೆಳಕು ಹರಿಯುವ ಮುಂಚೆ ಅಂಗಡಿಗೆ ಹೋಗುತ್ತಿದ್ದಿರಿ. ದೀಪ ಹಚ್ಚಿದ ಮೇಲೆ ಬರುತ್ತಿದ್ದಿರಿ. ಹಗಲಿನಲ್ಲಿ ನಿಮ್ಮನ್ನು ಇಷ್ಟು ಹೊತ್ತು ನಾನು ನೋಡಿರುವುದು ಈ ಪ್ರಯಾಣದಲ್ಲೇ. ಅರ್ಧ ಹೊತ್ತು ನೀವು ಬೈಯುತ್ತಿದ್ದಿರಿ. ಆದರೂ ನೋಡಿದೆ."

ದಡದಲ್ಲಿದ್ದ ಜನ ಒಟ್ಟಿಗೆ ಹೋ ಎಂದರು. ವ್ಯಾಪಾರಿ ತಿರುಗಲಿಲ್ಲ. ಆ ದಿನ ಸೂರ್ಯ ಮುಳುಗಿದ್ದನ್ನು ಅವರಿಬ್ಬರೂ ನೋಡಲಿಲ್ಲ.

ಊರಿಗೆ ಬಂದ ಸ್ವಲ್ಪ ಕಾಲಕ್ಕೆ ಮಳೆ ಹಿಡಿಯಿತು. ವೈದ್ಯ ಹೇಳಿದಂತೆಯೇ ಆಯಿತು. ನೆರೆಯವರು ಬಂದು, ದೇಶ ಹೇಗಿತ್ತಮ್ಮಾ ಎಂದು ಕೇಳಿದರು. ಹೇಳಲು ವ್ಯಾಪಾರಿ ಬಾಯಿ ತೆರೆದ. ಅಷ್ಟರಲ್ಲಿ ಅವಳು ಎಡಗೈಯಲ್ಲಿ ಬೆರಣಿ ತಟ್ಟುವ ಹೆಂಗಸಿನಿಂದ ಶುರುಮಾಡಿದಳು. ನೀರು ಬೀಳುವುದನ್ನು ಮೊದಲ ಸಲ ಕಂಡಾಗ ಮುದುಕರ ಮುಖ ಹೇಗಾಗುತ್ತದೆ, ಬಾಣಂತಿಯ ಮುಖ ಹೇಗಾಗುತ್ತದೆ, ಜಗಳವಾಡುತ್ತ ಬಂದ ಅಣ್ಣತಮ್ಮಂದಿರು ಹೇಗೆ ಒಬ್ಬರ ಕೈ ಒಬ್ಬರು ಹಿಡಿದುಕೊಂಡರು ಎಂದೆಲ್ಲ ಹೇಳಿದಳು. ವ್ಯಾಪಾರಿ ಕಂಬಕ್ಕೆ ಒರಗಿ, ತಾನು ಹೋಗಿರದ ದೇಶದ ಸುದ್ದಿ ಕೇಳುವವನಂತೆ ಕೇಳಿದ.

ಗುರು ಇಷ್ಟು ಹೇಳಿ ನಿಲ್ಲಿಸಿದರು.

ಘನಲಿಂಗನ ಅಸಮಾಧಾನ ಇನ್ನೂ ಹೋಗಿರಲಿಲ್ಲ. "ಅವಳ ಮಾತು ಬೇರೆ, ಗುರುಗಳೇ. ನಮ್ಮ ಭಕ್ತರು ನಿಜವಾಗಿಯೂ ಏನೂ ನೋಡಲಿಲ್ಲ" ಎಂದ.

"ಅವರು ನೋಡದೆ ಬಿಟ್ಟದ್ದನ್ನು ಬಂದಾಗಿನಿಂದ ಹೇಳಿದೆ, ಈಗ ಅವರು ನೋಡಿದ್ದನ್ನು ಹೇಳು" ಎಂದರು ಗುರು.

ಘನಲಿಂಗ ಬಾಯಿ ತೆರೆದ; ಅವರ ಕಣ್ಣು ಎತ್ತ ಹೋಗಿತ್ತೆಂದು ಅವನು ಒಮ್ಮೆಯೂ ನೋಡಿರಲಿಲ್ಲ.