ಕತ್ತಿ ಹಿಡಿದು ಕೇಳಿದ ಪ್ರಶ್ನೆ

"ಕೇಳಿರಪ್ಪಾ ಕೇಳಿ! ರಾಜಕುಮಾರಿಯವರ ಮೂರು ಒಗಟು ಬಿಡಿಸಿದವರಿಗೆ ಬೇಡಿದ್ದನ್ನು ಕೊಡಲಾಗುವುದು. ತಪ್ಪಿದವರ ತಲೆಯನ್ನು ಹುಣ್ಣಿಮೆಯ ದಿನ ತೆಗೆಯಲಾಗುವುದು. ಅಷ್ಟರೊಳಗೆ ಯಾರೂ ಬಿಡಿಸದಿದ್ದರೆ ತೆರೆಚಾವಡಿಗೆ ಬೀಗ ಬೀಳುವುದು!"

ಕೆಂದೊರೆಯ ರಾಜ ಮಾಚರಸ ಹೀಗೆ ಡಂಗುರ ಹೊಡೆಸಿದ್ದಕ್ಕೆ ಕಾರಣವಿತ್ತು. ಅವನ ಮಗಳು ಹೊನ್ನಬ್ಬೆ ಊರ ನಡುವೆ ಒಂದು ಚಾವಡಿ ಕಟ್ಟಿಸಿದ್ದಳು. ಒಳಗೆಲ್ಲ ಬರೀ ತೆರೆಗಳು. ಸಂಜೆ ಯಾರು ಬೇಕಾದರೂ ಬಂದು, ಮುಖ ತೋರಿಸದೆ, ಹೆಸರು ಹೇಳದೆ, ತೆರೆಯ ಹಿಂದೆ ಕೂತು ಮನಸ್ಸಿನಲ್ಲಿದ್ದದ್ದನ್ನು ಆಡಬಹುದು. ಬೇರೆ ತೆರೆಯ ಹಿಂದಿನವರು ಕೇಳಿಸಿಕೊಂಡು ಸಮಾಧಾನ ಹೇಳುತ್ತಾರೆ. ದಿನವೂ ಜನ ಕಿಕ್ಕಿರಿಯುತ್ತಿದ್ದರು. ಇಲ್ಲಿಗೆ ಬರುವವರ ಕಷ್ಟ ಏನೆಂದು ತಿಳಿದರೆ ವೈದ್ಯರನ್ನೋ ಅಕ್ಕಿಯನ್ನೋ ಕಳಿಸಬಹುದಲ್ಲ ಎಂದು ಹೊನ್ನಬ್ಬೆಗೆ ಅನ್ನಿಸಿತು. ರಾಜ ಉತ್ಸಾಹದಿಂದ ದಳವಾಯಿಯನ್ನೇ ಬಾಗಿಲಲ್ಲಿ ನಿಲ್ಲಿಸಿ ಒಬ್ಬೊಬ್ಬರನ್ನೂ ಕೇಳಿಸಿದ. ಎಲ್ಲರೂ "ಚೆನ್ನಾಗಿದ್ದೇನೆ" ಎಂದರು. ಎಲ್ಲರೂ ಚೆನ್ನಾಗಿದ್ದ ಮೇಲೆ ಚಾವಡಿ ಯಾಕೆ, ಮುಚ್ಚಿಬಿಡಿ ಎಂದ ರಾಜ.

ಹೊನ್ನಬ್ಬೆ ಅತ್ತಳು. ಜನ ಯಾಕೆ ಸುಳ್ಳು ಹೇಳಿದರೆಂದು ಬಲ್ಲವರು ಸಿಕ್ಕಿದರೆ ಚಾವಡಿಯನ್ನು ಉಳಿಸಬೇಕೆಂದು ಬೇಡಿಕೊಂಡು ಒಗಟು ಕಟ್ಟಿದಳು. ತಲೆ ತೆಗೆಯುವ ಮಾತನ್ನು ಮಾತ್ರ ರಾಜ ತಾನೇ ಸೇರಿಸಿದ. ಕೆಲಸವಿಲ್ಲದವರೆಲ್ಲ ಬಂದು ಸಾಲು ನಿಲ್ಲಬಾರದಲ್ಲ!

ಮೊದಲು ಬಂದವನು ನೆರೆನಾಡಿನ ರಾಜಕುಮಾರ.

"ಒಂದು ಬಾಗಿಲಿದೆ," ಎಂದಳು ಹೊನ್ನಬ್ಬೆ. "ಕತ್ತಿ ಹಿಡಿದವನು ತಟ್ಟಿದರೆ ಹೂವು ಉದುರುತ್ತದೆ. ಬರಿಗೈಯವನು ತಟ್ಟಿದರೆ ಕಣ್ಣೀರು ಹರಿಯುತ್ತದೆ. ಯಾವುದು ಆ ಬಾಗಿಲು?"

"ಕೋಟೆಯ ಬಾಗಿಲು," ಎಂದು ಎದೆಯುಬ್ಬಿಸಿ ಹೇಳಿ ಅವನು ಸೆರೆಮನೆ ಸೇರಿದ.

ಎರಡನೆಯವನು ಆಸ್ಥಾನದ ಪಂಡಿತ. ಮೊದಲ ಒಗಟನ್ನು ಹೇಗೋ ದಾಟಿದ.

"ಸಾವಿರ ಜನರ ಗುಟ್ಟು ನನಗೆ ಗೊತ್ತಾಗಬೇಕು, ಆದರೆ ಒಬ್ಬರ ಗುಟ್ಟೂ ಯಾರಿಗೂ ಗೊತ್ತಾಗಬಾರದು. ಹೇಗೆ?" ಎಂದು ಕೇಳಿದಳು.

ಪಂಡಿತ ಗಡ್ಡ ನೀವಿಕೊಂಡು, "ಎಲ್ಲರೂ ಒಬ್ಬನ ಕಿವಿಯಲ್ಲಿ ಹೇಳಲಿ. ಅವನು ತಮಗೆ ಒಪ್ಪಿಸಿದ ಕೂಡಲೇ ಅವನ ನಾಲಿಗೆ ಕತ್ತರಿಸಿದರಾಯಿತು," ಎಂದ. ರಾಜನಿಗೆ ಉಪಾಯ ಹಿಡಿಸಿತ್ತು. ಹೊನ್ನಬ್ಬೆ ಅಲ್ಲವೆಂದು ತಲೆಯಾಡಿಸಿದಳು. ಪಂಡಿತನೂ ಸೆರೆಮನೆ ಸೇರಿದ.

ಹುಣ್ಣಿಮೆಯ ಬೆಳಿಗ್ಗೆ ಹಗ್ಗ ಹೊಸೆಯುವ ದುರುಗ ಬಂದ. ರಾಜ ತೊಡೆಯ ಮೇಲೆ ಕತ್ತಿ ಇಟ್ಟುಕೊಂಡು ಕೂತಿದ್ದ. ಮೊದಲ ಒಗಟು ಕೇಳಿ ದುರುಗ ಆ ಕತ್ತಿಯ ಕಡೆ ನೋಡಿ ಕೈಮುಗಿದ.

"ಅದು ಬಾಯಿ ಅಮ್ಮಣ್ಣೀ. ದಳವಾಯಿಗಳು ನನ್ನನ್ನೂ ಕೇಳಿದ್ರು. ನನ್ನ ತಮ್ಮ ತೀರ್ಕೊಂಡಿದ್ದ. ದಿನಾ ತೆರೆ ಹಿಂದೆ ಕೂತು ಅಳ್ತಿದ್ದೆ. ಅವರ ಸೊಂಟದ ಕತ್ತಿ ನೋಡಿ 'ಚೆನ್ನಾಗಿದೀನಿ ಬುದ್ಧೀ' ಅಂದ್ಬಿಟ್ಟೆ."

"ನಮ್ಮ ದಳವಾಯಿಗೇ ಸುಳ್ಳು ಹೇಳಿದೆಯಾ?" ರಾಜ ಗುಡುಗಿದ.

"ಹೇಳಿದೆ ಒಡೆಯಾ. ಚಾವಡಿ ಮುಚ್ಚಿದ್ರೆ ನನಗೆ ಅಳೋಕೆ ಬೇರೆ ಜಾಗ ಇಲ್ಲ. ಅದಕ್ಕೇ ಬಂದೆ."

ಹೊನ್ನಬ್ಬೆ ತಡಮಾಡದೆ ಎರಡನೆಯ ಒಗಟು ಹೇಳಿದಳು. ದುರುಗ ಕೈಯಲ್ಲೇ ಗಡಿಗೆಯ ಆಕಾರ ತೋರಿಸಿದ.

"ಒಂದು ಗಡಿಗೇಲಿ ತೌಡು ತುಂಬಿಸಿ, ಕಾಳು ಬಿದ್ದರೆ ಸದ್ದಾಗಬಾರದು. ಒಬ್ಬೊಬ್ಬರಿಗೂ ಒಂದು ಹುಣಸೆಬೀಜ, ಒಂದು ಅವರೆಕಾಳು ಕೊಡಿ. ತಾವು ಕೇಳಿದ್ದಕ್ಕೆ ಹೌದು ಅನ್ನೋರು ಹುಣಸೆಬೀಜ, ಇಲ್ಲ ಅನ್ನೋರು ಅವರೆಕಾಳು, ಮುಷ್ಟಿ ಬಿಗಿಹಿಡಿದು ಒಳಗೆ ಬಿಡಲಿ. ಉಳಿದದ್ದನ್ನ ಹೊಳೆಗೆ ಎಸೀಲಿ. ಹೇಳೋಕೆ ಮನಸ್ಸಿಲ್ಲದೋರು ಬರಿಗೈ ಹಾಕಿ ತೆಗೀಲಿ. ಯಾಕೆ ಅಂತ ಯಾರೂ ಕೇಳಬಾರದು."

"ಈಗಲೇ ನೋಡೋಣ," ಎಂದ ರಾಜ. ಗಡಿಗೆ ಬಂತು. "ನನಗೆ ಹೆದರಿ ನನ್ನೆದುರು ಸುಳ್ಳು ಹೇಳಿದವರು ಹುಣಸೆಬೀಜ ಹಾಕಿ," ಎಂದು ನಗುತ್ತಲೇ ಅಪ್ಪಣೆ ಮಾಡಿದ. ಮಂತ್ರಿ, ದಳವಾಯಿ, ಅಡುಗೆಯವರು, ಹೊನ್ನಬ್ಬೆ, ಎಲ್ಲರೂ ಕೈ ಹಾಕಿ ತೆಗೆದರು. ಗಡಿಗೆಯನ್ನು ಬೋರಲು ಹಾಕಿ ತೌಡು ಕೆದಕಿದರೆ ಅಲ್ಲೊಂದು ಇಲ್ಲೊಂದು ಅವರೆಕಾಳು; ಮಿಕ್ಕಿದ್ದೆಲ್ಲ ಹುಣಸೆಬೀಜ. ರಾಜ ಒಂದೊಂದೇ ಮುಖ ನೋಡುತ್ತ ಬಂದ. ಯಾವ ಮುಖವೂ ಏನೂ ಹೇಳಲಿಲ್ಲ. ಮಗಳ ಮುಖದ ಹತ್ತಿರ ಅವನ ಕಣ್ಣು ನಿಂತಿತು. ಅವನಿಗೆ ಮೊದಲ ಸಲ ಭಯವಾಯಿತು.

ಹೊನ್ನಬ್ಬೆ ಮೆಲ್ಲಗೆ ಮೂರನೆಯದನ್ನು ಹೇಳಿದಳು: "ಬೇಟೆಗಾರ ಬಲೆ ಬೀಸುತ್ತಾನೆ. ಹಕ್ಕಿ ಹಗುರಾಗಿ ಹಾರಿಹೋಗುತ್ತದೆ, ಬಲೆಯಲ್ಲಿ ಬೇಟೆಗಾರನೇ ಉಳಿಯುತ್ತಾನೆ. ಯಾವುದು ಆ ಬಲೆ?"

"ನಿನ್ನ ಕಷ್ಟ ಏನಪ್ಪಾ ಅಂತ ಕೇಳೋದೇ ಆ ಬಲೆ," ಎಂದ ದುರುಗ. "ಹೇಳಿಕೊಂಡೋರ ಎದೆ ಹಗುರಾಗ್ತದೆ. ಕೇಳಿದೋರು ಸಿಕ್ಕಿಬೀಳ್ತಾರೆ. ಗೊತ್ತಾದ ಮೇಲೆ ಏನಾದರೂ ಮಾಡಲೇಬೇಕಲ್ಲ ಒಡೆಯಾ."

ರಾಜ, "ಬೇಕಾದ್ದನ್ನು ಕೇಳು," ಎಂದ.

"ಚಾವಡಿ ಇರಲಿ. ಸೆರೆಯಲ್ಲಿರೋ ಇಬ್ಬರನ್ನೂ ಬಿಟ್ಟುಬಿಡಿ."

"ಆಯಿತು. ಚಾವಡಿಯ ಯಜಮಾನಿಕೆಯೂ ನಿನಗೇ." ಕೊಡಲು ಶುರುಮಾಡಿದರೆ ರಾಜನ ಕೈ ನಿಲ್ಲುತ್ತಿರಲಿಲ್ಲ. "ಮಗಳನ್ನೂ ಕೊಟ್ಟೆ! ಏನಮ್ಮಾ, ಒಪ್ಪಿಗೆ ತಾನೆ?"

ಹೊನ್ನಬ್ಬೆ ತಲೆ ತಗ್ಗಿಸಿ, "ಅಪ್ಪಾಜಿ ಹೇಳಿದ ಹಾಗೆ," ಎಂದಳು.

ರಾಜನ ನಗು ಅಲ್ಲೇ ನಿಂತಿತು. ತೊಡೆಯ ಮೇಲಿನ ಕತ್ತಿಯನ್ನು ನೋಡಿದ. ಅದನ್ನು ದಳವಾಯಿಯ ಕೈಗೆ ಕೊಟ್ಟು ಎಲ್ಲರನ್ನೂ ಹೊರಗೆ ಕಳಿಸಿದ. ಸಿಂಹಾಸನದಿಂದ ಇಳಿದು ಮಗಳ ಪಕ್ಕ ಮೆಟ್ಟಿಲ ಮೇಲೆ ಕೂತ.

"ಈಗ ಹೇಳು ಕೂಸೇ, ಈ ಮದುವೆಗೆ ಒಪ್ಪಿಗೆಯಾ?"

"ಇಲ್ಲ ಅಪ್ಪಾಜಿ," ಎಂದಳು ಹೊನ್ನಬ್ಬೆ. ಹುಟ್ಟಿದಾಗಿನಿಂದ ಅವಳು ಅವನಿಗೆ ಇಲ್ಲ ಎಂದದ್ದು ಅದೇ ಮೊದಲು. ರಾಜನಿಗೆ ಕಣ್ಣು ತುಂಬಿ ಬಂತು. ಅವಳ ತಲೆ ಸವರಿ, "ಸರಿ ಬಿಡು," ಎಂದ.

ಹೊರಗೆ ಕಾಯುತ್ತಿದ್ದ ದುರುಗನಿಗೂ ಸುದ್ದಿ ಕೇಳಿ ಹೋದ ಜೀವ ಬಂದಂತಾಯಿತು. ಒಪ್ಪಿಗೆಯಾ ಎಂದು ಅವನನ್ನೂ ಯಾರೂ ಕೇಳಿರಲಿಲ್ಲ ನೋಡಿ.