ಸೊಂಡಿಲು ಯಮನೂರಪ್ಪನೂ ಗರಡಿಯ ಕಲ್ಲೂ

ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ನನ್ನ ಎರಡೂ ಮೀಸೆಯ ಆಣೆ. ಒಂದರ ಮೇಲೆ ಮಾತ್ರ ಆಣೆ ಇಟ್ಟರೆ ಇನ್ನೊಂದು ಮುನಿಸಿಕೊಳ್ಳುತ್ತದೆ, ಅದಕ್ಕೇ ಎರಡೂ. ನಾನು ಕಥೆ ಹೇಳಲು ಕೂತರೆ ಕಟ್ಟಿದ ಎಮ್ಮೆಗಳು ಮೆಲುಕು ನಿಲ್ಲಿಸಿ ಕಿವಿ ನಿಮಿರಿಸಿದ್ದುಂಟು, ಅಂಥ ಬಾಯಿ ಇದು. ಆದರೂ ಈ ಕಥೆಗೆ ನಾನು ಒಂದು ಚಿಟಿಕೆ ಉಪ್ಪೂ ಸೇರಿಸಿಲ್ಲ. ಕೇಳಿರಿ.

ಬಹಳ ಹಿಂದೆ ಎಲೆಗುಂಟಿ ಅಂತ ಒಂದೂರಿತ್ತು. ಎಷ್ಟು ಹಿಂದೆ ಅಂತ ಕೇಳಬೇಡಿ. ಊರಿಗೆ ಟ್ರ್ಯಾಕ್ಟರು ಬಂದ ಮೇಲೆ, ನಿಮಗೆ ಬುದ್ಧಿ ಬರುವ ಮುಂಚೆ. ಆ ಊರಿಗೆ ಒಂದು ಕಾಲುವೆ, ಕಾಲುವೆ ದಂಡೆಯ ಮೇಲೆ ಒಂದು ದಾರಿ. ಅದು ಬಿಟ್ಟರೆ ಬೇರೆ ದಾರಿ ಇಲ್ಲ. ಆ ದಾರಿಯನ್ನು ಜಾಲಿ ನುಂಗಿತ್ತು. ಒಳಗೆ ನುಗ್ಗಿದ ಮರಿಮೇಕೆ ಆಚೆ ಕಡೆ ಹೊರಬೀಳುವಷ್ಟರಲ್ಲಿ ಮುದಿಮೇಕೆ ಆಗಿರುತ್ತಿತ್ತು ಅಂತಾರೆ. ಬಸ್ಸಿನ ಕಿಟಕಿಯ ಬಳಿ ಕೂತಿದ್ದ ಒಬ್ಬ ಮುದುಕಿಯ ಕಣ್ಣಿಗೆ ಜಾಲಿ ಮುಳ್ಳು ಹೊಡೆದ ಮೇಲೆ ಬಸ್ಸು ಬರುವುದೇ ನಿಂತುಹೋಯಿತು.

ಹಾಗೆ ಕಣ್ಣು ಕಳೆದುಕೊಂಡವಳು ಯಾರು ಅಂದರೆ, ಆ ಊರಿನ ಹುಡುಗಿ ನೀಲವ್ವನನ್ನು ಸೊಸೆಯಾಗಿ ತಂದುಕೊಳ್ಳಬೇಕಿದ್ದ ಬೀಗರ ಮನೆಯ ಹಿರಿಯಾಕೆ. ಬೀಗರು ಖಡಕ್ಕಾಗಿ ಹೇಳಿ ಕಳಿಸಿದ್ದರು: ಮದುವೆಯ ದಿನ ನಮ್ಮ ಬಸ್ಸು ನಿಮ್ಮ ಊರಿನ ಅಗಸೆ ಬಾಗಿಲಿಗೆ ಬಂದು ನಿಲ್ಲಬೇಕು. ದಾರಿಯಲ್ಲಿ ಒಂದು ಮುಳ್ಳು ಕಂಡರೂ ಬಸ್ಸು ತಿರುಗಿಸಿಕೊಂಡು ಹೋಗುತ್ತೇವೆ, ಆಮೇಲೆ ನಮ್ಮನ್ನು ಕೇಳಬೇಡಿ. ನೀಲವ್ವನ ಅಣ್ಣ ಗದ್ದೆಪ್ಪ, ಊರಿನ ಪೈಲ್ವಾನ, ಆ ಮಾತು ಕೇಳಿ ಮೂರು ದಿನ ಹಾಲು ಕುಡಿಯಲಿಲ್ಲವಂತೆ.

ಆಗ ಬಂದವನೇ ಯಮನೂರಪ್ಪ, ತನ್ನ ಸೊಂಡಿಲು ತೆಗೆದುಕೊಂಡು.

ಸೊಂಡಿಲು ಅಂದರೆ ಊರವರು ಇಟ್ಟ ಹೆಸರು. ಟ್ರ್ಯಾಕ್ಟರಿನ ಬೆನ್ನಿಗೆ ಕಟ್ಟಿದ ಉದ್ದನೆಯ ಕಬ್ಬಿಣದ ಕೈ ಅದು. ಎಣ್ಣೆಯ ಒತ್ತಡದಿಂದ ಏಳುತ್ತದೆ, ಇಳಿಯುತ್ತದೆ, ಮೊಣಕೈಯಲ್ಲಿ ಮಡಚುತ್ತದೆ. ತುದಿಯಲ್ಲಿ ಗಿರಗಿರ ತಿರುಗುವ ಕತ್ತಿಗಳ ಡಬ್ಬಿ. ಟ್ರ್ಯಾಕ್ಟರು ದಾರಿಯ ಮೇಲೇ ನಿಂತಿರುತ್ತದೆ, ಸೊಂಡಿಲು ಕಾಲುವೆಯ ಇಳಿಜಾರಿಗೆ ಚಾಚಿ ಜಾಲಿಯನ್ನು ಚಟ್ನಿ ಮಾಡುತ್ತದೆ. ಅದನ್ನು ನಡೆಸುವವನಿಗೆ ಎಂಟೆದೆ ಬೇಕು. ಯಮನೂರಪ್ಪನಿಗೆ ಅಂಜಿಕೆ ಅಂದರೇನು ಅಂತಲೇ ಗೊತ್ತಿರಲಿಲ್ಲ. ಹಾವು ಅವನನ್ನು ಕಂಡರೆ ಬೈಪಾಸ್ ಹಿಡಿಯುತ್ತಿತ್ತು. ಸಿಡಿಲು ಬೀಳುವ ಮುಂಚೆ, ಯಮನೂರಪ್ಪ ಅಲ್ಲಿಲ್ಲ ತಾನೇ ಅಂತ ನೋಡಿಕೊಂಡು ಬೀಳುತ್ತಿತ್ತು.

ಅಂಥ ಗಂಡು ಬೆಳಿಗ್ಗೆ ಬಂದವನು ಏನು ಮಾಡುತ್ತಿದ್ದ ಗೊತ್ತೇ? ಟ್ರ್ಯಾಕ್ಟರಿಗೆ ಸುತ್ತು ಹಾಕುತ್ತಿದ್ದ. ಗುಡಿಯ ಸುತ್ತ ಮುದುಕಿಯರು ಹಾಕುವ ಹಾಗೆ, ಮೆಲ್ಲಗೆ, ಕೈಯಾಡಿಸುತ್ತ. ಬೋಲ್ಟು ಮುಟ್ಟಿ ನೋಡುತ್ತಿದ್ದ, ಕತ್ತಿ ನೋಡುತ್ತಿದ್ದ, ಕಲ್ಲು ಸಿಡಿಯದಂತೆ ಡಬ್ಬಿಯ ಬಾಯಿಗೆ ಇಳಿಬಿಟ್ಟ ರಬ್ಬರ್ ಪರದೆ ನೋಡುತ್ತಿದ್ದ. ಎಣ್ಣೆಯ ಪೈಪಿಗೆ ಮಾತ್ರ ಕೈ ತಾಗಿಸುತ್ತಿರಲಿಲ್ಲ, ರಟ್ಟಿನ ತುಂಡು ಹಿಡಿದು ನೋಡುತ್ತಿದ್ದ. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮ ಸೀಳಿ ಒಳಗೆ ಹೋಗುತ್ತದೆ ಅನ್ನುತ್ತಿದ್ದ. ಆಮೇಲೆ ಹೆಗಲ ಮೇಲಿನ ವಲ್ಲಿ ತೆಗೆದು ಮರಕ್ಕೆ ಕಟ್ಟುತ್ತಿದ್ದ, ಟ್ರ್ಯಾಕ್ಟರಿನ ಹಿಂದೆ ತಿರುಗುವ ರಾಡಿಗೆ ಬಟ್ಟೆಯ ಚುಂಗು ಸಿಕ್ಕರೆ ಮನುಷ್ಯನೂ ಸುತ್ತಿಕೊಳ್ಳುತ್ತಾನೆ ಅಂತ. ಆಮೇಲೆ ಅವತ್ತು ಕಡಿಯಬೇಕಾದ ದಾರಿ ಪೂರ್ತಿ ನಡೆದು, ಕಲ್ಲು, ತಂತಿ, ಪೈಪು ಕಂಡಲ್ಲೆಲ್ಲ ಕೆಂಪು ಚಿಂದಿ ಕಟ್ಟಿ ಬರುತ್ತಿದ್ದ. ಅಷ್ಟರಲ್ಲಿ ಊರವರಿಗೆ ಎರಡನೇ ಸಲದ ಚಹಾ ಆಗಿರುತ್ತಿತ್ತು.

"ಯಮನೂರಪ್ಪ ಮಾಮಾ, ಪ್ರದಕ್ಷಿಣಿ ಮುಗೀತಂದ್ರ ತೀರ್ಥ ಕೊಡೋ" ಅಂತ ಗದ್ದೆಪ್ಪ ಕೆಣಕುತ್ತಿದ್ದ.

"ಡೀಜಲ್ ಐತಿ. ಬಾಯಿ ತೆರಿ" ಅನ್ನುತ್ತಿದ್ದ ಇವನು.

ಊರ ಜನ ಕೆಲಸ ನೋಡಲು ಟ್ರ್ಯಾಕ್ಟರಿಗೆ ಅಂಟಿಕೊಂಡೇ ನಿಲ್ಲುತ್ತಿದ್ದರು. ದೂರ ಸರಿಯಿರಿ ಅಂದರೆ, ಎಷ್ಟು ದೂರ ಅಂತ ವಾದ. ಕೊನೆಗೆ ಯಮನೂರಪ್ಪ, ಜೋಳದ ಹೊಲದಲ್ಲಿ ಹಕ್ಕಿ ಓಡಿಸುವ ಕವಣೆಯನ್ನೇ ಗದ್ದೆಪ್ಪನ ಕೈಗೆ ಕೊಟ್ಟು, ಬೀಸು ಅಂದನಂತೆ. ಕತ್ತಿಗೆ ಸಿಕ್ಕ ಕಲ್ಲೂ ಇಷ್ಟೇ ದೂರ ಸಿಡಿಯುತ್ತದೆ ಅಂತ, ಕವಣೆಯ ಕಲ್ಲು ಬಿದ್ದಲ್ಲಿ ಸುಣ್ಣದಲ್ಲಿ ಗೆರೆ ಎಳೆದ. ಕತ್ತಿ ತಿರುಗುವಾಗ ಗೆರೆಯ ಈಚೆ ಒಂದು ಕೋಳಿಯೂ ಬರಕೂಡದು ಅಂದ. ಜನ ಬೈದುಕೊಂಡು ಗೆರೆಯ ಆಚೆ ಹೋದರು. ಅಲ್ಲಿಂದ ಏನೂ ಕಾಣುವುದಿಲ್ಲ ಅಂತ ಮಾರನೇ ದಿನದಿಂದ ಅರ್ಧ ಜನ ಬರಲೇ ಇಲ್ಲ.

ಈಗ ಕಲ್ಲಿನ ವಿಷಯ. ತುಂಬಿದ ಕೊಡ ಸೊಂಟಕ್ಕಿಟ್ಟ ಹೆಂಗಸು ಇನ್ನೊಂದು ಬದಿಗೆ ಬಾಗಿ ನಡೆಯುತ್ತಾಳಲ್ಲ, ಹಾಗೆ ಸೊಂಡಿಲು ಒಂದು ಕಡೆ ಚಾಚಿದರೆ ಟ್ರ್ಯಾಕ್ಟರಿಗೆ ಇನ್ನೊಂದು ಕಡೆ ಭಾರ ಬೇಕು. ಇಲ್ಲದಿದ್ದರೆ ಸೀದಾ ಕಾಲುವೆಗೆ. ಮಷೀನಿನ ಜೊತೆ ಬರಬೇಕಿದ್ದ ಕಬ್ಬಿಣದ ಭಾರವನ್ನು ಹಿಂದಿನ ಊರಿನಲ್ಲಿ ಯಾರೋ ಗುಜರಿಗೆ ಹಾಕಿದ್ದರು. ಯಮನೂರಪ್ಪ ಮರಳಿನ ಚೀಲ ಕಟ್ಟಿ ನೋಡಿದ. ಜಾಲಿ ಮುಳ್ಳು ಚೀಲ ಹರಿದು ಮರಳೆಲ್ಲ ಸೋರಿತು. ಬಂಡೆಗಲ್ಲು ಕಟ್ಟಿದ, ಸರಪಳಿಯಿಂದ ಜಾರಿತು. ಕೊನೆಗೆ ಗರಡಿ ಮನೆಯ ಮುಂದಿನ ಸಂಗ್ರಾಣಿ ಕಲ್ಲು ಕಣ್ಣಿಗೆ ಬಿತ್ತು. ಪೈಲ್ವಾನರು ಎತ್ತಿ ತೋಳ್ಬಲ ತೋರಿಸುವ ಕಲ್ಲು ಅದು. ಹಿಡಿಯಲು ಅಂತ ನಡುವೆ ತೂತು ಕೊರೆದದ್ದು. ಆ ತೂತಿನಲ್ಲಿ ಸರಪಳಿ ತೂರಿಸಿ ಬಿಗಿದರೆ ದೆವ್ವ ಎಳೆದರೂ ಬರುವುದಿಲ್ಲ. ಗದ್ದೆಪ್ಪ ಮೊದಲು ಮೂಗು ಮುರಿದ. ತಂಗಿಯ ಮದುವೆ ನೆನೆದು ಕೊಟ್ಟ. ಅವತ್ತಿನಿಂದ ಟ್ರ್ಯಾಕ್ಟರು ದಂಡೆಯ ಮೇಲೆ ಮದುಮಗನ ಕುದುರೆಯ ಹಾಗೆ ನೆಟ್ಟಗೆ ನಡೆಯಿತು ಅಂತಾರೆ.

ಮದುವೆಯ ದಿನ ಬಂತು. ದಾರಿ ಎಲ್ಲ ಬಯಲಾಗಿತ್ತು. ಉಳಿದದ್ದು ಅಗಸೆಯ ಹತ್ತಿರದ ಒಂದು ತಿರುವು. ಅಲ್ಲಿ ಕಾಲುವೆ ಆಳ, ಜಾಲಿ ದಟ್ಟ. ಯಮನೂರಪ್ಪ ಬೆಳಿಗ್ಗೆ ಬಂದು ತನ್ನ ಸುತ್ತು ಶುರು ಮಾಡಿದ. ಬೋಲ್ಟು ಇತ್ತು. ಪರದೆ ಇತ್ತು. ಆಚೆ ಬದಿಗೆ ಹೋದರೆ ಕಲ್ಲು ಇರಲಿಲ್ಲ.

ಆ ಊರಲ್ಲಿ ಒಂದು ಪದ್ಧತಿ. ಮದುವೆಯ ದಿನ ಸಂಗ್ರಾಣಿ ಕಲ್ಲಿಗೆ ಅರಿಶಿನ ಬಳಿದು ಅಗಸೆಯಲ್ಲಿ ಇಡುತ್ತಾರೆ. ಮದುಮಗ ಬಂದು ಅದನ್ನು ನೆಲ ಬಿಡಿಸಬೇಕು. ಅಲ್ಲಿಯವರೆಗೆ ಅರಿಶಿನದ ಕಲ್ಲನ್ನು ಯಾರೂ ಅಲುಗಾಡಿಸುವಂತಿಲ್ಲ. ಗರಡಿ ಹುಡುಗರು ನಸುಕಿನಲ್ಲೇ ಬಂದು, ಇನ್ನೇನು ಒಂದು ತಿರುವು ತಾನೇ ಅಂದುಕೊಂಡು, ಸರಪಳಿ ಬಿಚ್ಚಿ ಕಲ್ಲು ಒಯ್ದು ಅರಿಶಿನ ಬಳಿದಿದ್ದರು.

ನೋಡಿ ಹೇಗಿದೆ ಗಂಟು. ಮದುಮಗ ಬರದೆ ಕಲ್ಲು ಏಳುವುದಿಲ್ಲ. ಕಲ್ಲು ಏಳದೆ ಟ್ರ್ಯಾಕ್ಟರು ನಡೆಯುವುದಿಲ್ಲ. ಟ್ರ್ಯಾಕ್ಟರು ನಡೆಯದೆ ಮದುಮಗ ಬರುವುದಿಲ್ಲ. ಜಾಲಿಯ ಆಚೆ ಬೀಗರ ಬಸ್ಸು ಆಗಲೇ ಬಂದು ಹಾರ್ನ್ ಹೊಡೆಯುತ್ತಿತ್ತು.

ದಿನಾ ಸಂಜೆ ಸೊಂಡಿಲನ್ನು ನೆಲಕ್ಕೆ ಊರಿಯೇ ಮನೆಗೆ ಹೋಗುತ್ತಿದ್ದ ಯಮನೂರಪ್ಪ, ಅವತ್ತು ಅದನ್ನು ಎತ್ತಲೇ ಇಲ್ಲ. ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡು ಕೂತ. ಊರು ಅವನ ಮೇಲೆ ಮುಗಿಬಿತ್ತು. ಹೇಡಿ ಅಂದರು, ಹೆಣ್ಣಿನ ಬಾಳು ಹಾಳು ಮಾಡುತ್ತೀಯ ಅಂದರು. ಅವನ ಹಿಂದಿನ ಏಳು ತಲೆಯನ್ನೂ ಎಳೆದು ತಂದು ಬೈದರು. ಅವನು ಉಡದಾರದ ಗಂಟನ್ನು ಇನ್ನೊಂದು ಸಲ ಬಿಗಿದ.

ಗದ್ದೆಪ್ಪ ಅವನ ಮುಂದೆ ಬಂದು ನಿಂತ. ಕಣ್ಣಲ್ಲಿ ನೀರಿತ್ತು ಅಂತಾರೆ. "ಕಲ್ಲಿನ ಜಾಗಾದಾಗ ನಾ ಕುಂದರ್ತೀನಿ ಮಾಮಾ. ನಾನೇನು ಕಲ್ಲಿಗಿಂತ ಹಗುರದೀನೇನು?"

"ಹಗುರಿಲ್ಲಪ್ಪ" ಅಂದ ಯಮನೂರಪ್ಪ. "ಆದ್ರ ಕಲ್ಲು ಅಂಜಿ ಕೆಳಗ ಜಿಗಿಯಂಗಿಲ್ಲ. ನೀ ಜಿಗಿತಿ."

ಬಸ್ಸಿನ ಹಾರ್ನ್ ನಿಂತಿತು. ಎಂಜಿನ್ ಶುರುವಾದ ಸದ್ದು ಬಂತು. ಬೀಗರು ತಿರುಗಿ ಹೊರಟರು ಅಂತ ಯಾರೋ ಅಂದರು.

ಆಗ ಹಂದರದಿಂದ ನೀಲವ್ವ ಎದ್ದು ಬಂದಳು. ಬಾಸಿಂಗ ಕಟ್ಟಿತ್ತು, ಕೈಯಲ್ಲಿ ಹಸಿರು ಬಳೆ. ನೇರ ಅಗಸೆಗೆ ಹೋಗಿ ಕಲ್ಲಿನ ಮುಂದೆ ನಿಂತಳು. ಹಿರಿಯರು, ಏನವ್ವಾ ಇದು, ಅಂದರು.

"ಮದುವಿ ನಂದೂ ಹೌದಲ್ಲ" ಅಂದಳು. "ನಾ ಎತ್ತತೀನಿ."

ಸೆರಗು ಬಿಗಿದು, ತೂತಿಗೆ ಕೈ ಹಾಕಿ ಎತ್ತಿದಳು. ಮೊಣಕಾಲಿನವರೆಗೆ ಬಂತು ಅಂತಾರೆ ಕೆಲವರು. ಎದೆಯವರೆಗೆ ಅಂತಾರೆ ಇನ್ನು ಕೆಲವರು. ಕೂಸಿನ ಹಾಗೆ ಹೆಗಲಿಗೆ ಹಾಕಿಕೊಂಡು ತಟ್ಟಿದಳು ಅಂತ ನಮ್ಮ ಅತ್ತೆ ಹೇಳುತ್ತಿದ್ದಳು. ಅಣ್ಣ ಊರಲ್ಲಿಲ್ಲದ ಹೊತ್ತು ಅವಳು ಗರಡಿಯಲ್ಲಿ ಏನು ಮಾಡುತ್ತಿದ್ದಳು ಅನ್ನುವುದು ಅವತ್ತು ಊರಿಗೆ ತಿಳಿಯಿತು. ನೆಲ ಬಿಟ್ಟ ಕಲ್ಲು ಪದ್ಧತಿಯಿಂದ ಬಿಡುಗಡೆಯಾಯಿತು. ಗದ್ದೆಪ್ಪ ಅದನ್ನು ಬಂಡಿಗೆ ಹಾಕಿ ತಂದ. ಕಲ್ಲು ಬರುವಷ್ಟರಲ್ಲಿ ಅರ್ಧ ಊರು ಜಾಲಿಯ ಈಚೆ ನಿಂತು, ಹೋಗಬೇಡಿ, ಹೋಗಬೇಡಿ ಅಂತ ಬಸ್ಸಿಗೆ ಕೂಗುತ್ತಿತ್ತು; ಬಸ್ಸು ಎಂಜಿನ್ ಆರಿಸದೆ ನಿಂತಿತ್ತು.

ಇಷ್ಟಾದ ಮೇಲಾದರೂ ಅವಸರ ಮಾಡಬೇಕೋ ಬೇಡವೋ? ಯಮನೂರಪ್ಪ ಸರಪಳಿ ಬಿಗಿದು, ಎಳೆದು ನೋಡಿ, ಮತ್ತೆ ಮೊದಲಿನಿಂದ ಸುತ್ತು ಹಾಕಿದ. ಕೂಗುತ್ತಿದ್ದವರನ್ನೆಲ್ಲ, ಅಲ್ಲೂ ಎಳೆದಿದ್ದ ಸುಣ್ಣದ ಗೆರೆಯ ಆಚೆ ಕಳಿಸಿದ. ಬಸ್ಸನ್ನೂ ಅಷ್ಟೇ ದೂರ ಹಿಂದೆ ನಿಲ್ಲಿಸಲು ಕೂಗಿ ಹೇಳಿಸಿದ. ಆಮೇಲೆ ಹತ್ತಿದ.

ತಿರುವಿನ ನಡುವೆ, ಮಣ್ಣಲ್ಲಿ ಹೂತುಹೋಗಿದ್ದ ಹಳೇ ತೂಬಿನ ಕಬ್ಬಿಣ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕತ್ತಿ ಅದಕ್ಕೆ ಬಡಿಯಿತು. ಸೊಂಡಿಲು ಒದ್ದಾಡಿತು. ಟ್ರ್ಯಾಕ್ಟರು ಕಾಲುವೆಯ ಕಡೆ ವಾಲಿತು, ಈಚೆಯ ದೊಡ್ಡ ಗಾಲಿ ನೆಲ ಬಿಟ್ಟು ಗೇಣುದ್ದ ಎದ್ದಿತು. ಗಾಲಿಯ ಪಕ್ಕ ಅರಿಶಿನದ ಕಲ್ಲು ಸರಪಳಿಯಲ್ಲಿ ಜೋತು, ಕಿರ್ ಅಂತ ಸದ್ದು ಮಾಡಿ, ಹಿಡಿಯಿತು. ಯಮನೂರಪ್ಪ ಸೊಂಡಿಲನ್ನು ಮೆಲ್ಲಗೆ ನೆಲಕ್ಕೆ ಇಳಿಸಿದ. ಗಾಲಿ ಕೆಳಗೆ ಕೂತಿತು. ಸಿಡಿದ ಕಬ್ಬಿಣದ ಚೂರು ಸುಣ್ಣದ ಗೆರೆಗಿಂತ ಒಂದು ಮಾರು ಈಚೆ ನೆಲಕ್ಕೆ ನಾಟಿತ್ತು.

ಗದ್ದೆಪ್ಪ ಕಲ್ಲು ಜೋತಿದ್ದ ಜಾಗವನ್ನೇ ನೋಡುತ್ತ ನಿಂತಿದ್ದ. ಜಿಗಿಯುತ್ತಿದ್ದನೋ ಇಲ್ಲವೋ ಅಂತ ಅವನನ್ನು ಯಾರೂ ಕೇಳಲಿಲ್ಲ. ಯಮನೂರಪ್ಪ ಎಂಜಿನ್ ಆರಿಸಿ ಇಳಿದು, ಮತ್ತೆ ಸುತ್ತು ಹಾಕಲು ಹೊರಟ. ಈ ಸಲ ಯಾರೂ ನಗಲಿಲ್ಲ. ಗದ್ದೆಪ್ಪ ವಲ್ಲಿ ತೆಗೆದು ಮರಕ್ಕೆ ಕಟ್ಟಿ, ಅವನ ಹಿಂದೆ ಹಿಂದೆ ತಾನೂ ಸುತ್ತಿದ.

ತಿರುವು ಬಯಲಾಯಿತು, ಬಸ್ಸು ಅಗಸೆಗೆ ಬಂತು. ಕಣ್ಣು ಹೋದ ಮುದುಕಿಯೇ ಮೊದಲು ಇಳಿದಳು. ಅವಳ ಹಿಂದೆ ಮದುಮಗ ಇಳಿದ. ಪಾಪ, ಹೊಲಿಗೆ ಕೆಲಸದ ಹುಡುಗ, ತೋಳು ಅಂದರೆ ದಾರದ ಉಂಡೆ. ಟ್ರ್ಯಾಕ್ಟರಿಗೆ ಕಟ್ಟಿದ ಕಲ್ಲು ನೋಡಿ ಅವನ ಮುಖ ಬಿಳಿಚಿತು.

"ನೀ ಚಿಂತಿ ಮಾಡಬ್ಯಾಡ" ಅಂದಳು ನೀಲವ್ವ. "ಎತ್ತಿ ಆಗೇತಿ."

ಯಮನೂರಪ್ಪ ಹೋಗಿ ಎಷ್ಟೋ ಕಾಲವಾಯಿತು. ಎಲೆಗುಂಟಿಯಲ್ಲಿ ಇವತ್ತಿಗೂ ಮದುಮಗ ಒಬ್ಬನೇ ಕಲ್ಲು ಎತ್ತುವುದಿಲ್ಲ. ಮದುಮಗಳು ಒಂದು ಕೈ, ಮದುಮಗ ಒಂದು ಕೈ ಹಾಕಿ ನೆಲ ಬಿಡಿಸುತ್ತಾರೆ. ಆಮೇಲೆ ಇಬ್ಬರೂ ಬೀಗರ ಬಸ್ಸಿಗೆ ಒಂದು ಸುತ್ತು ಬರುತ್ತಾರೆ, ಡ್ರೈವರನೂ ಅವರ ಹಿಂದೆ ಗಾಲಿ ಮುಟ್ಟುತ್ತ ಬರುತ್ತಾನೆ. ದಂಡೆಯ ಮೇಲೆ ಸೊಂಡಿಲು ಬಂದರೆ ಮೊದಲು ಕವಣೆ ಬೀಸಿ ಸುಣ್ಣದ ಗೆರೆ ಎಳೆಯುತ್ತಾರೆ. ಸಂಜೆ ಮನೆಗೆ ಬಂದ ಸೊಂಡಿಲಿನ ಡ್ರೈವರನನ್ನು ಹೆಂಡತಿ, ಊಟ ಮಾಡುತ್ತೀಯಾ ಅಂತ ಕೇಳುವ ಮುಂಚೆ, ಸೊಂಡಿಲು ನೆಲಕ್ಕೆ ಊರಿ ಬಂದೆಯಾ ಅಂತ ಕೇಳುತ್ತಾಳೆ.

ಇಷ್ಟೂ ಸತ್ಯ, ಎರಡೂ ಮೀಸೆಯ ಆಣೆ. ಒಂದೇ ಒಂದು ಸಣ್ಣ ಮಾತು ಮಾತ್ರ ನಾನು ಸೇರಿಸಿದ್ದು. ಯಮನೂರಪ್ಪನಿಗೆ ಅಂಜಿಕೆ ಅಂದರೇನು ಅಂತ ಗೊತ್ತಿರಲಿಲ್ಲ ಅಂದೆನಲ್ಲ, ಅದು. ಅವನು ಅಂಜುತ್ತಿದ್ದ. ದಿನಾ ಬೆಳಿಗ್ಗೆ, ಆ ಟ್ರ್ಯಾಕ್ಟರಿನ ಸುತ್ತ, ಒಂದೊಂದೇ ಬೋಲ್ಟು ಮುಟ್ಟುತ್ತ.