ಬಸಿರ ಪಾಲಿನ ಜೊಂಡು

"ಕೇಳ್ರಪ್ಪೋ ಕೇಳಿ! ನಮ್ಮ ದೊಡ್ಡಕೆರೆಯ ಸಿಳ್ಳೆಬಾತುಗಳು ಕೆರೆ ಬಿಟ್ಟು ಹೋಗಿವೆ. ಯಾಕೆ ಹೋದವು ಅನ್ನೋದನ್ನ ರಾಜಕುಮಾರಿ ಹೊನ್ನಾಜಮ್ಮಣ್ಣಿಯವರು ಮೂರು ಒಗಟಿನಲ್ಲಿ ಕಟ್ಟಿಟ್ಟಿದ್ದಾರೆ. ಮೂರನ್ನೂ ಬಿಡಿಸಿದವರಿಗೆ ಕೇಳಿದ್ದು ಸಿಗುತ್ತೆ. ತಪ್ಪು ಹೇಳಿದವರ ತಲೆ ಹೋಗುತ್ತೆ. ಕೇಳ್ರಪ್ಪೋ ಕೇಳಿ!"

ತಲೆಯ ಷರತ್ತು ಮಗಳದ್ದಲ್ಲ, ಅಪ್ಪನದು. ತೊರೆಗೆರೆಯ ಅರಸ ತಿಮ್ಮರಸನಿಗೆ ಆ ಬಾತುಗಳೆಂದರೆ ಪ್ರಾಣ. ಸಂಜೆ ಅವು ಸಿಳ್ಳೆ ಹಾಕುತ್ತಾ ಕೆರೆಗೆ ಇಳಿಯದಿದ್ದರೆ ಅವನ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ. ಅವುಗಳಿಗೋಸ್ಕರ ಕೆರೆಯನ್ನು ದೇವರಮನೆಯ ಹಾಗೆ ಚೊಕ್ಕಟ ಮಾಡಿಸಿದ್ದ, ಸುತ್ತಲೂ ನುಣ್ಣನೆ ಕಲ್ಲಿನ ಮೆಟ್ಟಿಲು ಕಟ್ಟಿಸಿದ್ದ. ಇಷ್ಟು ಮಾಡಿದರೂ ಹೋದವಲ್ಲ ಅಂತ ಈಗ ಊಟ ಬಿಟ್ಟು, ಸಿಕ್ಕಸಿಕ್ಕವರ ಮೇಲೆ ಹರಿಹಾಯುತ್ತಿದ್ದ. ಅರಸರಿಗೆ ದುಃಖ ಬಂದರೆ ಊರಿಗೆಲ್ಲ ಕಷ್ಟ ನೋಡಿ!

ಕೆರೆಯಂಚಿನ ಕೇರಿಯಲ್ಲಿ ಜೊಂಡಿನ ಚಾಪೆ ಹೆಣೆಯುತ್ತಿದ್ದ ಚಲುವನಿಗೆ ಡಂಗುರ ಕೇಳಿದ ಮೇಲೆ ಕೈ ಓಡಲಿಲ್ಲ. ಹೆಣೆದದ್ದನ್ನೇ ಬಿಚ್ಚಿದ, ಬಿಚ್ಚಿದ್ದನ್ನೇ ಹೆಣೆದ. ಕೊನೆಗೆ ಎದ್ದೇಬಿಟ್ಟ.

"ಎಲ್ಲಿಗೋ?" ಅಂದಳು ಅವನವ್ವ ಪುಟ್ಟತಾಯಿ.

"ಸುಮ್ನೆ ನೋಡ್ಕೊಂಡು ಬತ್ತೀನಿ ಕಣವ್ವ."

"ನೋಡಕ್ಕೆ ಹೋಗಾ ಮುಖವಾ ಇದು? ತಲೆ ಕೊಡಕ್ಕೆ ಹೊಂಟಿದ್ದೀಯ. ಕೂತ್ಕೊ!"

ಕೂತರೆ ತಾನೆ? ಚಾಪೆಯವರಲ್ಲಿ ಒಂದು ಕಟ್ಟಳೆ ಉಂಟು. ಜೊಂಡು ಕೊಯ್ಯುವಾಗ ಹಕ್ಕಿಗಳು ಮರಿ ಮಾಡುವ ದಿಕ್ಕಿನ ಅರ್ಧ ಕೆರೆಗೆ ಕುಡುಗೋಲು ಇಡುವ ಹಾಗಿಲ್ಲ. ಅದಕ್ಕೆ ಬಸಿರ ಪಾಲು ಅಂತ ಹೆಸರು. ಮರಿಗಳು ರೆಕ್ಕೆ ಬಲಿತು ಹಾರುವ ತನಕ ಆ ಕಡೆ ಯಾರೂ ಸುಳಿಯುವುದೂ ಇಲ್ಲ. ಅರಸನ ಆಳುಗಳು ಆ ಪಾಲಿನ ಜೊಂಡನ್ನೂ ಬೇರುಸಮೇತ ಕಿತ್ತು ಹಾಕಿದ್ದು ಚಲುವನ ಹೊಟ್ಟೆಯಲ್ಲಿ ಕೆಂಡದ ಹಾಗೆ ಕೂತಿತ್ತು. ಅವ್ವ ಬೈಯುತ್ತಿದ್ದ ಹಾಗೇ ಹೊರಟುಹೋದ.

ಅರಮನೆಯ ಅಂಗಳ ಗಿಜಿಗುಡುತ್ತಿತ್ತು. ಮೀಸೆ ತಿರುವುತ್ತಾ ದಳವಾಯಿಯ ಮಗ ಮುಂದೆ ಬಂದ. ರಾಜಕುಮಾರಿ ಹೊನ್ನಾಜಿ ಕೇಳಿದಳು: "ಹೆತ್ತವಳು ಬಾಳುವುದು ನೀರಿನಲ್ಲಿ. ತೊಟ್ಟಿಲು ಇಡುವುದು ಮಾತ್ರ ನೀರಿಗಿಳಿಯದೆ ಸತ್ತು ನಿಂತವನ ಹೊಟ್ಟೆಯಲ್ಲಿ. ಆ ಸತ್ತವನು ಯಾರು?"

"ಮುಳುಗಿದ ದೋಣಿ!" ಅಂದ ಅವನು, ಯುದ್ಧ ಗೆದ್ದವನ ಹಾಗೆ. ಮುಳುಗಿದ್ದು ನಿಲ್ಲುವುದು ಹೇಗೆ ಅಂತ ಯೋಚಿಸಬೇಡವೇ ಪುಣ್ಯಾತ್ಮ! ಭಟರು ರಟ್ಟೆ ಹಿಡಿದು ಎಳೆದುಕೊಂಡು ಹೋದರು. ಆಮೇಲೆ ಬಂದ ರತ್ನದ ವ್ಯಾಪಾರಿ "ಶಂಖ" ಅಂದ. ಅವನನ್ನೂ ಸೆರೆಮನೆಗೆ ತಳ್ಳಿದರು. ಸಭೆ ಮುಗಿದ ಮೇಲೆ ಇಬ್ಬರ ತಲೆಯೂ ಹೋಗುವುದಿತ್ತು. ಮುಂದೆ ಬರಲು ಒಬ್ಬರಿಗೂ ಧೈರ್ಯ ಸಾಲಲಿಲ್ಲ.

"ನಾನು ಹೇಳ್ಲಾ ಅಮ್ಮಣ್ಣಿ?" ಅಂದುಬಿಟ್ಟ ಚಲುವ. "ಅದು ಕೆರೆ ಏರಿ ಮೇಲಿನ ಒಣಮರ. ಸಿಳ್ಳೆಬಾತು ಮೊಟ್ಟೆ ಇಡೋದು ಅದರ ಪೊಟರೇಲಿ."

"ಸರಿ. ನಿಂತಾಗ ಒಬ್ಬರಿಗೆ ಗೋಡೆ, ಮಲಗಿದಾಗ ಇನ್ನೊಬ್ಬರಿಗೆ ಹಾಸಿಗೆ. ಇಬ್ಬರಿಗೂ ಬೇಡವಾದಾಗ ಕಸ. ಏನದು?"

ಚಲುವನಿಗೆ ನಗು ಬಂತು. "ಜೊಂಡು. ನೀರಲ್ಲಿ ನಿಂತಾಗ ಬಾತಿನ ಮರಿಗೆ ಹದ್ದಿನ ಕಣ್ಣಿಂದ ಮರೆ. ಕೊಯ್ದು ಹೆಣೆದರೆ ನಮಗೆ ಚಾಪೆ."

"ಕೊನೆಯದು." ಹೊನ್ನಾಜಿಯ ದನಿ ಸಣ್ಣಗಾಯಿತು. "ಬಲೆ ಬೀಸಲಿಲ್ಲ, ಬಾಣ ಹೂಡಲಿಲ್ಲ. ಬರೀ ಪ್ರೀತಿಯಿಂದಲೇ ಕೆರೆಯ ಹಕ್ಕಿಗಳನ್ನೆಲ್ಲ ಓಡಿಸಿದವನು ಯಾರು?"

ಅರಸ ಸಿಂಹಾಸನದಿಂದ ಎದ್ದೇ ನಿಂತ. "ಹೇಳೋ! ಯಾರವನು ಪಾಪಿ? ಅವನ ಚರ್ಮ ಸುಲಿಸುತ್ತೇನೆ!"

ಚಲುವನಿಗೆ ಉತ್ತರ ಗೊತ್ತಿತ್ತು. ತಪ್ಪು ಹೇಳಿದರೂ ತಲೆ ಹೋಗುತ್ತೆ, ಸರಿ ಹೇಳಿದರೂ ಉಳಿಯೋದು ಕಷ್ಟ. ಅವ್ವನ ಮಾತು ಕೇಳಬೇಕಿತ್ತು ಅನ್ನಿಸಿತು. ರಾಜಕುಮಾರಿಯ ಕಡೆ ನೋಡಿದ. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಇವಳೂ ಹೆದರಿದ್ದಾಳೆ ಅಂತ ಗೊತ್ತಾದಾಗ ಅವನಿಗೆ ಹೇಗೋ ಧೈರ್ಯ ಬಂತು.

"ತಾವೇ, ಬುದ್ಧಿ."

ಅಂದವನೇ ಚಲುವ ಮುಂದುವರಿಸಿದ.

"ಒಣಮರ ಅಪಶಕುನ ಅಂತ ಕಡಿಸಿದ್ರಿ. ಜೊಂಡು ಹೊಲಸು ಅಂತ ಕೀಳಿಸಿದ್ರಿ. ಮರಿಗಳು ಹತ್ತಿ ಕೂರ್ತಿದ್ದ ಕೆಸರಿನ ದಡಕ್ಕೆ ಮೆಟ್ಟಿಲು ಹಾಕಿಸಿದ್ರಿ. ಎಲ್ಲ ಅವುಗಳ ಮೇಲಿನ ಅಕ್ಕರೆಗೇ ಬುದ್ಧಿ. ಆದರೆ ಅವಕ್ಕೆ ಮನೆ ಇಲ್ಲದಂಗಾಯ್ತು."

ಅರಸನ ಕೈ ಕತ್ತಿಯ ಹಿಡಿಗೆ ಹೋಯಿತು. ಹೊನ್ನಾಜಿ ಓಡಿಬಂದು ನಡುವೆ ನಿಂತಳು. "ಉತ್ತರ ಸರಿ, ಅಪ್ಪಾಜಿ. ಸರಿ ಹೇಳಿದವರ ತಲೆ ತೆಗೆಯುವ ಮಾತು ಡಂಗುರದಲ್ಲಿ ಇಲ್ಲ."

"ಗೊತ್ತಿದ್ದೂ ನನಗೆ ಯಾಕೆ ಹೇಳಲಿಲ್ಲ ಮಗಳೇ?"

"ಹೇಳಿದೆ. ನೀವು ಮೆಟ್ಟಿಲಿಗೆ ಕಲ್ಲು ಆರಿಸ್ತಾ ಇದ್ರಿ."

ತಿಮ್ಮರಸ ಅಲ್ಲೇ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತ. ಅತ್ತು ಮುಗಿದ ಮೇಲೆ ಏನು ಬೇಕೋ ಕೇಳು ಅಂದ. ಚಲುವ ಸೆರೆಯಲ್ಲಿದ್ದ ಇಬ್ಬರ ತಲೆ ಕೇಳಿದ, ಕತ್ತಿನ ಮೇಲೆಯೇ ಇರಲಿ ಅಂತ. ಆಮೇಲೆ ಬಸಿರ ಪಾಲು ಕೇಳಿದ: ಅರ್ಧ ಕೆರೆ ಹೇಗೆ ಬೆಳೆಯುತ್ತೋ ಹಾಗೆ, ಕೆಸರು ಕಸದ ಸಮೇತ ಬಿಡಬೇಕು, ಉಳಿದ ಒಣಮರ ಮುಟ್ಟಬಾರದು, ಆ ದಿಕ್ಕಿಗೆ ಯಾರೂ ಕಾಲಿಡಬಾರದು. ಅರಸ ಎಲ್ಲಕ್ಕೂ ಹೂಂ ಅಂದ, ಕೆರೆಯ ಕಾವಲಿಗೆ ಅವನನ್ನೇ ಇಟ್ಟ.

ಆ ವರ್ಷ ಒಂದು ಹಕ್ಕಿಯೂ ಬರಲಿಲ್ಲ. ಅರಸ ದಿನಾ ಆಳು ಕಳಿಸಿ "ಬಂದವಾ?" ಅಂತ ಕೇಳಿಸುತ್ತಿದ್ದ. "ಇಲ್ಲ ಬುದ್ಧಿ" ಅಂತ ಚಲುವ ದಿನಾ ಹೇಳಿ ಕಳಿಸುತ್ತಿದ್ದ. ಮಾರನೇ ಮಳೆಗಾಲ, ಎಳೇ ಜೊಂಡಿನ ನಡುವೆ ಒಂದು ಸಿಳ್ಳೆಬಾತು ಮರಿಗಳನ್ನು ಬೆನ್ನಿಗೆ ಹಾಕಿಕೊಂಡು ಈಜುವುದನ್ನು ಅವನು ಕಂಡ. ಎದ್ದು ಬಿದ್ದು ಅರಮನೆಗೆ ಓಡಿ ಸುದ್ದಿ ಮುಟ್ಟಿಸಿದ. ಅರಸ ಬರಿಗಾಲಲ್ಲೇ ಏರಿಗೆ ಧಾವಿಸಿದ.

ಚಲುವ ಹಿಂದಿನಿಂದ ಓಡಿಬಂದು ಅರಸನಿಗೆ ಕೈ ಅಡ್ಡ ಹಿಡಿದ. "ಈಗ ಬೇಡ ಬುದ್ಧಿ. ಮರಿ ಇನ್ನೂ ಎಳೇವು. ಬೆದರ್ತವೆ."

ತಿಮ್ಮರಸ ಅಲ್ಲೇ ನಿಂತ. ಜೊಂಡಿನ ಕಡೆ ಕತ್ತು ಚಾಚಲು ಹೋದವನು ತಡೆದುಕೊಂಡ. ಆಮೇಲೆ ಒಂದು ಮರಿಯನ್ನೂ ನೋಡದೆ, ಹೆಜ್ಜೆ ಸದ್ದಾಗದ ಹಾಗೆ ಮನೆಗೆ ಹೋದ.